ಪಾತಾಳಗರಡಿ ಮತ್ತು ಕಲಬೆರಕೆ ಕಬ್ಬಿಣ

ನನಗೆ ಸಿಟ್ಟು ಮೊದಲು ಬರುತ್ತದೆ, ತಿಳಿವಳಿಕೆ ಮುಂದಿನ ಬಸ್ಸಿಗೆ ಬರುತ್ತದೆ. ಮೆಟ್ರಿಕ್ ಮುಗಿಸಿದವನಾದ್ದರಿಂದ ನಡುವಿನ ಹೊತ್ತಿನಲ್ಲಿ ಭಾಷಣವನ್ನೂ ಮಾಡಿಬಿಡುತ್ತೇನೆ. ಇದು ನನ್ನ ಪಾಪ, ಒಪ್ಪಿಕೊಳ್ಳುತ್ತೇನೆ. ಆದರೆ ಎಪ್ಪತ್ತರ ದಶಕದಲ್ಲಿ ಸಿಟ್ಟಿಗೆ ಕಾರಣಗಳೇನು ಕಡಿಮೆಯಿದ್ದವೆ? ರವೆಯಲ್ಲಿ ಮರಳು, ಬೇಳೆಯಲ್ಲಿ ಕಲ್ಲು, ಹಾಲಿನಲ್ಲಿ ನೀರು! ಕಬ್ಬಿಣವೊಂದನ್ನಾದರೂ ನಂಬಬಹುದು ಎಂದುಕೊಂಡಿದ್ದೆ.

ಮಾನ್ವಿಯ ನಮ್ಮ ಓಣಿಗೆಲ್ಲ ಒಂದೇ ಪಾತಾಳಗರಡಿ, ಅದು ನಮ್ಮದು. ಬಾವಿಗೆ ಬಿದ್ದ ಕೊಡವನ್ನು ಎತ್ತುವ, ಮೈತುಂಬ ಕೊಕ್ಕೆಗಳ ಆ ಸಾಧನವನ್ನು ಕೊಟ್ಟವನು ರಾಯಚೂರಿನಲ್ಲಿ ಕಬ್ಬಿಣದ ಅಂಗಡಿ ಇಟ್ಟಿದ್ದ ನನ್ನ ಹೆಂಡತಿಯ ತಮ್ಮ ಭೀಮಣ್ಣ. ಒಯ್ಯುವವರು ಒಂದು ಪಾತ್ರೆಯನ್ನು ಒತ್ತೆ ಇಟ್ಟು ಒಯ್ಯುವುದು ಪದ್ಧತಿ. ಪಾತ್ರೆ ಇಟ್ಟ ಧೈರ್ಯದಲ್ಲಿ ಅದನ್ನು ಬಾವಿಯ ಕಲ್ಲಿಗೆಲ್ಲ ಸಿಕ್ಕಿಸಿ ಜಗ್ಗುತ್ತಿದ್ದರು. ಕೊಕ್ಕೆ ನೆಟ್ಟಗಾಗಿ ಬರುತ್ತಿತ್ತು. ನಾನು ಕಲ್ಲಿನ ಮೇಲಿಟ್ಟು ಬಡಿದು ಮತ್ತೆ ಬಗ್ಗಿಸುತ್ತಿದ್ದೆ. ಇಷ್ಟಕ್ಕೆಲ್ಲ ಕುಲುಮೆ ಯಾಕೆ? ಬರಬರುತ್ತ ಅದು ಬಗ್ಗದೆ ಹಟ ಹಿಡಿಯಿತು. ನಾನೂ ಹಿಡಿದೆ. ಒಂದು ದಿನ ಟಣ್ಣೆಂದು ಮುರಿಯಿತು.

ಮುರಿದ ಜಾಗ ನೋಡಿದರೆ ಒಳಗೆಲ್ಲ ಮರಳಿನಂಥ ಮಿಣಮಿಣ ಕಾಳು! ಎಂಥ ಮೋಸ!

“ಪಂಚಮಿ ಬಂತು. ನಾ ತವರಿಗೆ ಹೋಗೋ ಹೊತ್ತಿನ್ಯಾಗ ತಮ್ಮನ ಕೂಡ ಜಗಳ ತೆಗೀಬ್ಯಾಡ್ರಿ,” ಎಂದಳು ಹೆಂಡತಿ ನಾಗವ್ವ.

“ಪಂಚಮಿ ಬ್ಯಾರೆ, ನ್ಯಾಯ ಬ್ಯಾರೆ,” ಎಂದು ನಾನು ರಾಯಚೂರಿನ ಬಸ್ಸು ಹತ್ತಿದೆ. ಕಾವಲಿಗೆಂದು ಅವಳೂ ಹತ್ತಿದಳು.

ಅಂಗಡಿಯ ಮುಂದೆ ನಿಂತು ಬಜಾರಿಗೆಲ್ಲ ಕೇಳುವಂತೆ ಕೂಗಿದೆ: “ಲೇ ಭೀಮ್ಯಾ, ಕಬ್ಬಿಣದಾಗೂ ಉಸುಕು ಕಲಸ್ತೀಯೇನಲೇ?”

ಮಂದಿ ಸೇರಿತು. ಭೀಮಣ್ಣ ಕಬ್ಬಿಣ ಉಜ್ಜುವ ಒಂದು ಹಳೆಯ ಅರವನ್ನು ಸುತ್ತಿಗೆಯಿಂದ ಮುರಿದು ತೋರಿಸಿದ. ಅಲ್ಲೂ ಕಾಳು!

“ಮಾವಾರ, ಕಬ್ಬಿಣ ಇರೋದಽ ಹಿಂಗ, ಹರಳು ಹರಳಾಗಿ. ಹರಳಿನ ಒಳಗ ಸಾಲು ಸಾಲು ಜೋಡಿಸಿದಂಗ ಇರ್ತದ. ಬಗ್ಗಿಸಿದ್ರ ಸಾಲು ಜಾರ್ತಾವ. ಬೆಂಕ್ಯಾಗ ಕಾಸದಽ ಬಡಕೋಂತ ಹೋದ್ರ, ದೇವದುರ್ಗದ ಬಸ್ಸಿನ ಮಂದಿ ಹಂಗ ಒಂದಕ್ಕೊಂದು ಸಿಕ್ಕೊಂಡು ಸರಿಯಾಕ ಜಾಗ ಇರಂಗಿಲ್ಲ. ಇನ್ನೂ ದೂಡಿದ್ರ ಮುರೀತದ. ಕೆಂಪಗ ಕಾಸಿದ್ರ ಹರಳು ಹೊಸದಾಗಿ ಕೂಡ್ತಾವ.”

“ಯಾವನಲೇ ನಿನಗ ಹೇಳಿದವ?”

“ಐಟಿಐದಾಗ ಕಲ್ತೀನ್ರಿ. ನೀವಽ ಸೇರ್ಸಿದ್ರಿ.”

ಇದಕ್ಕಿಂತ ಅನ್ಯಾಯವುಂಟೆ? ಅವನನ್ನು ಅಂಗಡಿಯ ಹಿಂದಿನ ಸಂದಿಗೆ ಕರೆದೊಯ್ದು ಮೆಲ್ಲಗೆ, “ತಪ್ಪಾತಪಾ,” ಎಂದೆ. ನಾಗವ್ವ ಅಲ್ಲಿಗೂ ಬಂದಳು.

“ಬೈಯಾಕ ಬಜಾರು, ತಪ್ಪಾತು ಅನ್ನಾಕ ಸಂದಿ ಏನ್ರಿ? ಹೊರಗ ಬಂದು ಅನ್ರಿ. ಇಲ್ಲಂದ್ರ ನಾ ಯಾವ ಮುಖ ಹೊತ್ತು ತವರಿಗೆ ಬರ್ಲಿ?”

ಹೊರಗೆ ಬಂದೆ. ಮೊದಲಿನ ಮಂದಿ ಹೋಗಿ ಹೊಸಬರು ನಿಂತಿದ್ದರು. “ಇವನ ಕಬ್ಬಿಣದಾಗ ಉಸುಕಿಲ್ಲ,” ಎಂದು ಕೂಗಿದೆ.

“ಉಸುಕಾ? ಅದ ಅಂತ ಯಾರಂದ್ರು?” ಎಂದನೊಬ್ಬ ಗಿರಾಕಿ.

ಮೊದಲಿನಿಂದ ಹೇಳಬೇಕಾಯಿತು. ಅರ್ಧ ಕೇಳಿಸಿಕೊಂಡವರು ಪಕ್ಕದ ಅಂಗಡಿಗೆ ನಡೆದರು. ಭೀಮಣ್ಣ ಓಡಿಬಂದು ಕೈ ಮುಗಿದ.

“ಕ್ಷಮಾ ಕೇಳಿದ್ದು ಸಾಕ್ರಿ, ಮಾವಾರ. ಇನ್ನೊಮ್ಮೆ ಕೇಳಿದ್ರಂದ್ರ ಅಂಗಡಿ ಮುಚ್ಚಬೇಕಾಗ್ತದ. ಅಕ್ಕ ಪಂಚಮಿಗೆ ಬರ್ಲಿ. ನೀವು ಮನ್ಯಾಗಽ ಇರ್ರಿ.”

ಪಂಚಮಿಗೆ ಅವಳು ಹೋದಳು, ನಾನು ಉಳಿದೆ. ಮನೆಯ ಅಳಿಯನಿಗೆ ಹಬ್ಬಕ್ಕೆ ಬರಬೇಡ ಎನ್ನುವುದೆ! ಇದೆಂಥ ಅವಮಾನ ಎಂದು ಕೂಗೋಣವೆಂದರೆ, ಕೇಳಲು ಮನೆಯಲ್ಲಿ ಯಾರೂ ಇರಲಿಲ್ಲ.