ಮೊದಲು ಫಲಿತಾಂಶ, ಆಮೇಲೆ ನಾಟಿ

ನಮ್ಮ ಮನೆಗಳಲ್ಲಿ ಏನಾದರೂ ಆಗಲಿ, ಶಾಲೆಯಲ್ಲಿ ನಗುವಂಥವು ನಡೆಯುತ್ತಲೇ ಇರುತ್ತವೆ. ತೀರಿಕೊಂಡ ಹೆಂಡತಿಯ ಕರ್ಮಗಳನ್ನೆಲ್ಲ ಮುಗಿಸಿ, ಮೊದಲ ಸಲ ನನ್ನ ಬುತ್ತಿ ನಾನೇ ಕಟ್ಟಿಕೊಂಡು, ಸಿರುಗುಪ್ಪದಿಂದ ಬಸ್ಸು ಹಿಡಿದು ಹಳ್ಳಿಯ ಶಾಲೆಗೆ ಹೋದ ಬುಧವಾರ, ಮೇಜಿನ ಮೇಲೆ ಸುತ್ತೋಲೆ ಕಾದಿತ್ತು: ಇನ್ನು ಮಕ್ಕಳು ಪುಸ್ತಕದಿಂದಲ್ಲ, ಪ್ರಾಜೆಕ್ಟಿನಿಂದ ಕಲಿಯಬೇಕು. ಹೇಗೆಂದು ತಿಳಿಸುವ ಪುಸ್ತಕ ಆಮೇಲೆ ಬರುತ್ತದೆ.

೧. ಯೋಜನೆ

ಶಾಲೆಯ ಹಿಂದೆ, ಕಾಲುವೆ ನೀರು ಸಿಗುವ ಕಡೆ, ಆರನೇ ತರಗತಿಯಿಂದ ನೆಲ್ಲು ನಾಟಿ ಮಾಡಿಸುವುದೆಂದು ಬರೆದೆ. ಸಾಲು ಅಳೆದರೆ ಗಣಿತ, ಸಸಿ ನೋಡಿದರೆ ವಿಜ್ಞಾನ. ಹೆಡ್‌ಮಾಸ್ತರರು ಕೊನೆಯ ಕಾಲಂ ಖಾಲಿಯಿರುವುದನ್ನು ಹಿಡಿದರು.

"ಫಲಿತಾಂಶ ಎಲ್ಲೈತ್ರಿ?"

"ಇನ್ನೂ ನಾಟಿನ ಆಗಿಲ್ರಿ ಸರ."

"ಅದಕ್ಕ ಯಾಕ ಕಾಯ್ತೀರಿ? 'ಉತ್ತಮ' ಅಂತ ಬರದು ಸಹಿ ಮಾಡ್ರಿ."

ಮಾಡಿದೆ. ನನ್ನ ನೌಕರಿಯಲ್ಲೇ ಅತ್ಯುತ್ತಮ ಬೆಳೆ ಬಂದದ್ದು ಅಂದು, ಬೀಜ ತರುವ ಮೊದಲೇ.

೨. ಪಾಲಕರು

ತರಗತಿಯಲ್ಲಿ ಲೆಕ್ಕಕ್ಕೆ ಎಲ್ಲರಿಗಿಂತ ಮುಂದಿದ್ದ ಹುಡುಗಿಯನ್ನು ಪರೀಕ್ಷೆ ಮುಗಿದೊಡನೆ ಶಾಲೆ ಬಿಡಿಸುವುದೆಂದು ಅವಳ ತಂದೆ ತೀರ್ಮಾನಿಸಿದ್ದ. ಬೇಡವೆಂದು ಹೇಳಲು ಎರಡು ಸಲ ಅವರ ಮನೆಗೆ ಹೋಗಿ, ಎರಡು ಸಲವೂ ಚಹಾ ಕುಡಿದು ಬಂದಿದ್ದೆ. ನಾಟಿಯ ಸುದ್ದಿ ಕೇಳಿ ಆತನೇ ಬಂದ.

"ಏನ್ರಿ ಮಾಸ್ತರ, ನಾಟಿ ಕಲ್ಯಾಕ ಸಾಲಿ ಯಾಕ ಬೇಕು? ನಮ್ಮ ಗದ್ಯಾಗ ನಾನ ಕಲಸ್ತೀನಿ. ಆಕಿಗೆ ಆರನೇತ್ತ ಸಾಕು ಬಿಡ್ರಿ."

ಇಲಾಖೆಯ ಹೊಸ ಪದ್ಧತಿಯನ್ನು ಸರಿಯಾಗಿ ಅರ್ಥ ಮಾಡಿಕೊಂಡವನು ಆತನೊಬ್ಬನೇ.

೩. ತಪಾಸಣೆ

ನಾಟಿಯ ದಿನ ಹೆಡ್‌ಮಾಸ್ತರರು ರಜೆ. ಬಿಳಿ ಜುಬ್ಬಾ ತೊಟ್ಟು ಸಂತೆಗೆ ಹೊರಟಿದ್ದ ಆ ತಂದೆ ನಮ್ಮ ಸೊಟ್ಟ ಸಾಲುಗಳನ್ನು ನೋಡಲಾರದೆ ಬದುವಿನ ಮೇಲೆ ನಿಂತುಬಿಟ್ಟ.

"ಲೇ, ಒತ್ತೊತ್ತಾಗಿ ಹಚ್ಚಬ್ಯಾಡ್ರಲೇ! ಮಾಸ್ತರ, ನೀವೂ ಇಳೀರಿ. ನಿಂತು ನೋಡಿದ್ರ ಆಗಂಗಿಲ್ಲ."

ಧೋತರ ಎತ್ತಿಕಟ್ಟಿ ಇಳಿದೆ. ಆಗಲೇ ಬಳ್ಳಾರಿಯಿಂದ ಶಾಲಾ ಇನ್ಸ್‌ಪೆಕ್ಟರರ ಜೀಪು ಬಂತು. ಅವರು ಕೆಸರಿನಲ್ಲಿದ್ದ ನನ್ನನ್ನು ಬಿಟ್ಟು, ಶುಭ್ರವಾಗಿದ್ದ ಆತನಿಗೆ ನಮಸ್ಕರಿಸಿದರು.

"ಮಾಸ್ತರೇ, ಪಾಠದ ಉದ್ದೇಶ?"

ಆತ ನನ್ನ ಕಡೆ ನೋಡಿದ. ನಾನು ತಲೆಯೆತ್ತದೆ ಸಸಿ ನೆಟ್ಟೆ.

"ಸಸಿ ಬದುಕಬೇಕ್ರಿ ಸಾಹೇಬ್ರ."

"ಮೌಲ್ಯಮಾಪನ?"

"ಬೇರು ಹಿಡದೈತೋ ಇಲ್ಲೋ, ಎಳದು ನೋಡೋದ್ರಿ."

ಸಾಹೇಬರು ಖುಷಿಯಾಗಿ, ಯಾರೆಂದು ತಿಳಿಯದೆ, ಆತನ ಮಗಳನ್ನೇ ಕೇಳಿದರು: "ಸಾಲಿಗೆ ಹದಿನಾರರಂತೆ ಒಂಬತ್ತು ಸಾಲಿಗೆ ಎಷ್ಟು ಸಸಿ?"

"ನೂರಾ ನಲವತ್ನಾಕ್ರಿ. ಮೂರು ಮುರದಾವು. ನೂರಾ ನಲವತ್ತೊಂದು."

"ಭೇಷ್! ಮಾಸ್ತರೇ, ಇಂಥವಳನ್ನ ಮುಂದೆ ಓದಿಸ್ತೀರಿ ತಾನೇ?"

ಇಡೀ ಆರನೇ ತರಗತಿ ಆತನ ಬಾಯನ್ನೇ ನೋಡುತ್ತಿತ್ತು.

"ಓದಸ್ತೀನ್ರಿ ಸಾಹೇಬ್ರ."

ವಾರದೊಳಗೆ ವರದಿ ಬಂತು: "ಶಿಕ್ಷಕರು ಅನುಭವಿಗಳು. ಜವಾನನಿಗೆ ನಾಟಿ ಬರುವುದಿಲ್ಲ."

ಜೂನಿನಲ್ಲಿ ಆ ಹುಡುಗಿ ಏಳನೇ ತರಗತಿಗೆ ಬಂದಳು.