ದಾರದ ಹುಳ

ಗವಿಸಿದ್ದೇಶನ ತಲೆಯೊಳಗೆ ಹುಳ ಬಿಟ್ಟದ್ದು ಒಂದೂವರೆ ನಿಮಿಷದ ವಿಡಿಯೊ.

ಬಳ್ಳಾರಿಯ ಜೀನ್ಸ್ ಕಾರ್ಖಾನೆಯೊಂದರಲ್ಲಿ ಅವನು ಕಟಿಂಗ್ ಮಾಸ್ಟರು. ಒಂದು ಮಧ್ಯಾಹ್ನ ಬುತ್ತಿ ಬಿಚ್ಚಿಕೊಂಡು ಫೋನು ನೋಡುತ್ತಿದ್ದಾಗ ಯಾವುದೋ ತಣ್ಣನೆಯ ದೇಶದ ಸರೋವರ ಕಾಣಿಸಿತು. ಬಿಳಿಗಡ್ಡದ ಮುದುಕನೊಬ್ಬ ತೊಡೆಮಟ್ಟ ನೀರಿನಲ್ಲಿ ನಿಂತು, ಬಳುಕುವ ಕೋಲಿನಿಂದ ಉದ್ದನೆಯ ದಾರವನ್ನು ಹಿಂದಕ್ಕೂ ಮುಂದಕ್ಕೂ ಬೀಸುತ್ತಿದ್ದ. ದಾರದ ತುದಿಯ ಗಾಳಕ್ಕೆ ಎರೆಹುಳವಿಲ್ಲ, ಹಿಟ್ಟಿನ ಉಂಡೆಯಿಲ್ಲ. ಕೋಳಿಪುಕ್ಕಕ್ಕೆ ನೂಲು ಸುತ್ತಿ ಮಾಡಿದ ಒಂದು ಸುಳ್ಳು ನೊಣ, ಅಷ್ಟೆ. ಅದು ನೀರಿನ ಮೇಲೆ ಕೂತದ್ದೇ ತಡ, ಟ್ರೌಟ್ ಎಂಬ ಚುಕ್ಕಿಚುಕ್ಕಿ ಮೀನು ಮೇಲೆ ಹಾರಿ ಗಬಕ್ಕನೆ ಬಾಯಿ ಹಾಕಿತು. ಮುದುಕ ಅದನ್ನು ಹಿಡಿದು, ಮುಖ ನೋಡಿ, ಮತ್ತೆ ನೀರಿಗೇ ಬಿಟ್ಟುಬಿಟ್ಟ.

ಗವಿಸಿದ್ದೇಶ ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದವನು. ಮೀನು ತಿನ್ನುವ ಆಸೆ ಕನಸಿನಲ್ಲೂ ಸುಳಿದದ್ದಿಲ್ಲ. ಆದರೆ ಇಪ್ಪತ್ತು ವರ್ಷ ದಾರದ ನಡುವೆ ಬದುಕಿದವನಿಗೆ ಒಂದು ಪ್ರಶ್ನೆ ಅಂಟಿಕೊಂಡಿತು. ದಾರ ನೋಡಿ ಮೀನು ಮೋಸ ಹೋಗತೈತೇನು? ಹೊಲಿಗೆ ಒಂದು ಎಳೆ ಸರಿದರೆ ಗಿರಾಕಿ ಅಂಗಡಿಯಲ್ಲೇ ಕಣ್ಣಗಲಿಸುತ್ತಾನೆ. ಮೀನಿಗೆ ಅಷ್ಟೂ ತಿಳಿಯುವುದಿಲ್ಲವೆ?

"ಅದು ಫಾರಿನ್ ಮೀನು, ಮಾಸ್ಟರ್. ಸಾಲಿ ಕಲ್ತಿರಾಕಿಲ್ಲ," ಅಂದ ಇಸ್ತ್ರಿ ಹಾಕುವ ಕುರುಗೋಡಿನ ಪರಶು. "ನಮ್ಮ ಕಡಿ ಟ್ರೌಟ್ ಎಲ್ಲೈತ್ರಿ? ಈ ಬಿಸಲಿಗೆ ಅದು ಬಂದ್ರ ನೀರಾಗ ಕುದ್ದು ಹೋಗತೈತಿ. ಬೇಕಂದ್ರ ಜಿಲೇಬಿ ಮೀನಿಗೆ ಹಾಕಿ ನೋಡ್ರಿ. ಅದು ಮಾತ್ರ ಭಾಳ ಹುಷಾರು!"

ಜಿಲೇಬಿ ಅನ್ನುವ ಹೆಸರಿನ ಮೀನೂ ಇದೆ ಎಂದು ಗವಿಸಿದ್ದೇಶನಿಗೆ ಗೊತ್ತಾದದ್ದೇ ಅವತ್ತು. ಕುತೂಹಲ ಇಮ್ಮಡಿಯಾಯಿತು. ಕೋಲು, ಅದರ ರಾಟೆ, ದಾರ ಎಲ್ಲವನ್ನೂ ಕಾರ್ಖಾನೆಯ ವಿಳಾಸಕ್ಕೆ ತರಿಸಿದ. ಪರಶು ಸೋಮವಾರಕ್ಕೊಮ್ಮೆ ಹುಂಜದ ಪುಕ್ಕ ತಂದುಕೊಟ್ಟ. ಊಟದ ಬಿಡುವಿನಲ್ಲಿ ಜೀನ್ಸಿಗೆ ಹಾಕುವ ತಾಮ್ರಬಣ್ಣದ ದಾರ ಸುತ್ತಿ ಗವಿಸಿದ್ದೇಶ ನೊಣ ಕಟ್ಟಿದ. ಮೊದಲನೆಯದು ಮದುವೆಗೆ ಹೊರಟ ಜಿರಳೆಯ ಹಾಗಿತ್ತು. ಎರಡನೆಯದಕ್ಕೆ ರೆಕ್ಕೆಗಿಂತ ಮೀಸೆ ಉದ್ದವಾಯಿತು. ಮೂರನೆಯದನ್ನು ಪರಶು ದೂರದಿಂದ ನೋಡಿ ಹೊಡೆಯಲು ಚಪ್ಪಲಿ ಎತ್ತಿದ. ಅದೇ ಪಾಸಾಯಿತು.

ಭಾನುವಾರ ಬೆಳಿಗ್ಗೆ ಪಾರ್ವತಿನಗರದ ಮನೆಯಲ್ಲಿ ಬೈಕಿಗೆ ಉದ್ದನೆಯ ಚೀಲ ಕಟ್ಟುತ್ತಿರುವಾಗ ಹೆಂಡತಿ ಅರುಣಾ ಹೊರಗೆ ಬಂದಳು.

"ಅದೇನ್ರೀ ಉದ್ದಕ?"

"ಕಿಟಕಿಗೆ ಪರದಿ ಹಾಕೋ ಪೈಪು. ದೇಶನೂರಿಗೆ, ಮಾವಾರ ಮನಿಗೆ."

"ಹದಿನಾರು ವರ್ಷದಾಗ ನಮ್ಮಪ್ಪಗ ನೀವು ಒಂದು ಮೊಳಿ ಒಯ್ದವರಲ್ಲ!"

"ಅದಕ್ಕ ಈಗ ಪೈಪು ಒಯ್ಯಾಕತ್ತೀನಿ."

ಅರುಣಾಳ ಕಣ್ಣು ತುಂಬಿ ಬಂತು. ಒಳಗೆ ಹೋಗಿ ಒಂದು ಡಬ್ಬಿ ಸಜ್ಜಿ ರೊಟ್ಟಿ, ಎಣ್ಣೆಗಾಯಿ ಕಟ್ಟಿ ತಂದಳು. ಗವಿಸಿದ್ದೇಶನಿಗೆ ಡಬ್ಬಿಗಿಂತ ಮನಸ್ಸು ಭಾರವಾಯಿತು. ಸಿರುಗುಪ್ಪದಲ್ಲಿ ನಿಜವಾದ ಪೈಪೊಂದನ್ನು ಕೊಂಡರಾಯಿತು ಎಂದು ಸಮಾಧಾನ ಮಾಡಿಕೊಂಡು ಗಾಡಿ ಬಿಟ್ಟ. ಸಿರುಗುಪ್ಪ ಬಂದಾಗ ಅಂಗಡಿ ನೆನಪಾಗಲಿಲ್ಲ, ಮೀನು ನೆನಪಾಯಿತು.

ದೇಶನೂರಿನ ಹೊರಗೆ, ಕುಡಿಯುವ ನೀರಿನ ಕೆರೆ ಕಾಲುವೆ ನೀರಿನಿಂದ ತುಂಬಿಕೊಂಡು ತಣ್ಣಗೆ ಮಲಗಿತ್ತು. ಸುತ್ತ ಭತ್ತದ ಗದ್ದೆ, ಏರಿಯ ಮೇಲೆ ಜಾಲಿ. ಮನುಷ್ಯರ ಸುಳಿವಿಲ್ಲ. ಇದ್ದರೂ, ಅಪರೂಪಕ್ಕೆ ಬಂದುಹೋಗುವ ಅಳಿಯನ ಗುರುತು ಹಿಡಿಯುವವರು ಕಡಿಮೆ. ಗವಿಸಿದ್ದೇಶ ಕೋಲಿನ ತುಂಡುಗಳನ್ನು ಜೋಡಿಸಿ, ವಿಡಿಯೊದ ಮುದುಕನನ್ನು ನೆನೆದು, ದಾರವನ್ನು ಹಿಂದಕ್ಕೆ ಬೀಸಿದ. ಅದು ಮುಂದಕ್ಕೆ ಬರಲಿಲ್ಲ. ಎಳೆದ. ಅತ್ತಲಿಂದಲೂ ಯಾರೋ ಎಳೆದರು.

ತಿರುಗಿ ನೋಡಿದರೆ ಎಮ್ಮೆ. ಬಾಲದ ಕುಚ್ಚಿಗೆ ನೊಣ ಸಿಕ್ಕಿಕೊಂಡಿತ್ತು. ತನ್ನ ಜನ್ಮದಲ್ಲಿ ಇಷ್ಟು ಹಟಮಾರಿ ನೊಣವನ್ನು ಕಾಣದ ಎಮ್ಮೆ ಬಾಲವೆತ್ತಿ ಓಡಿತು. ರಾಟೆ ಜರ್ರನೆ ತಿರುಗಿತು. ಕೋಲು ಬಿಟ್ಟರೆ ಹೋಯಿತು ಎಂದು ಗವಿಸಿದ್ದೇಶ ಹಿಂದೆ ಓಡಿದ. ಜಾಲಿಯ ಮರೆಯಲ್ಲಿ ಕೂತಿದ್ದ ಹುಲುಗಮ್ಮ ಎದ್ದು ಬಂದಳು. ಎಮ್ಮೆ ಅವಳದು.

"ಯಣ್ಣಾ, ಏನು ಮಾಡಾಕತ್ತಿ ನನ್ನ ಎಮ್ಮಿಗೆ? ಸೂಜಿ ಹಾಕೋ ಡಾಕ್ಟ್ರೇನು? ಹಿಂಗ ದೂರದಾಗ ನಿಂತು ಸೂಜಿ ಒಗಿಯೋದು ಯಾವ ಊರಾಗ ಐತಿ?"

ಅಷ್ಟರಲ್ಲಿ ಬಾಲದ ನಾಲ್ಕು ಕೂದಲ ಸಮೇತ ನೊಣ ವಾಪಸು ಬಂತು. ಗವಿಸಿದ್ದೇಶ ಕೈಮುಗಿದ. ಹುಲುಗಮ್ಮನ ಗಂಟಲಿಗೆ ಅದು ಸಾಲಲಿಲ್ಲ. ಆ ಗದ್ದಲ ಕೇಳಿ ಸೀಟಿ ಊದುತ್ತ ಕೆರೆ ಕಾಯುವ ವಾಟರ್‌ಮನ್ ಎರ್ರೆಪ್ಪ ಓಡಿಬಂದ.

"ಯಾರ್ರೀ ನೀವು? ಕೆರಿ ಮ್ಯಾಲೆ ಏನು ಕೆಲಸ?"

ಅಪ್ಪಣೆ ಇಲ್ಲದೆ ಮೀನಿಗೆ ಗಾಳ ಹಾಕುವುದು ತಪ್ಪು ಎಂಬುದು ಗವಿಸಿದ್ದೇಶನಿಗೆ ಆಗ ಹೊಳೆಯಿತು. "ನೀರು… ನೀರು ನೋಡಾಕ ಬಂದೀನಿ," ಅಂದ.

ಎರ್ರೆಪ್ಪನ ಹೆಗಲ ಮೇಲಿನ ಟವೆಲು ಸೊಂಟಕ್ಕಿಳಿಯಿತು. "ಟೆಸ್ಟಿಂಗ್ ಸಾಹೇಬ್ರಾ? ಮೊದ್ಲೇ ಹೇಳಬಾರದೇನ್ರೀ ಸಾರ್! ಹುಲುಗವ್ವಾ, ಬಾಯಿ ಮುಚ್ಚು. ಬೆಂಗಳೂರಿನಿಂದ ಬಂದಾರ."

ಬೆಂಗಳೂರು ಎಲ್ಲಿಂದ ಬಂತೋ ಗವಿಸಿದ್ದೇಶನಿಗೆ ತಿಳಿಯಲಿಲ್ಲ. ಬಾಯಿ ಮುಚ್ಚಿದ ಹುಲುಗಮ್ಮ ಸುಮ್ಮನೆ ನಿಲ್ಲಲಿಲ್ಲ, ಊರೊಳಗೆ ಹೋದಳು. ಕಾಲು ಗಂಟೆಯಲ್ಲಿ ಏರಿಯ ಮೇಲೆ ಮೂವತ್ತು ಜನ. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಬಾಟಲಿ. ಬೋರಿನ ನೀರು, ಕೊಡದ ನೀರು, ಅತ್ತೆ ಮನೆಯ ನೀರು, ಸೊಸೆ ಮನೆಯ ನೀರು.

"ನಮ್ದೂ ಒಂದು ನೋಡಿಬಿಡ್ರಿ ಸಾರ್."

"ಆ ದಾರ ಆಳ ನೋಡೋದೇನ್ರಿ?"

"ಏ, ಅಲ್ಲಲೇ. ಉಪ್ಪು ನೋಡೋದು. ತುದಿಗೆ ಮಿಷನ್ ಐತಿ, ಕಾಣವಲ್ದೇನು?"

ಗವಿಸಿದ್ದೇಶ ಬೆವರುತ್ತ ಒಂದೊಂದೇ ಬಾಟಲಿಗೆ ನೊಣವನ್ನು ಅದ್ದಿ, "ಚಲೋ ಐತಿ, ಚಲೋ ಐತಿ," ಎನ್ನತೊಡಗಿದ. ಸೊಸೆಯ ನೀರಿಗಿಂತ ತನ್ನದು ಯಾಕೆ ಹೆಚ್ಚು ಚಲೋ ಇಲ್ಲವೆಂದು ಒಬ್ಬಾಕೆ ಜಗಳ ತೆಗೆದಳು.

"ತಡೀರಿ, ನಮ್ಮ ನೀರಿನ ಕಮಿಟಿ ಅಧ್ಯಕ್ಷರು ಬರಾಕತ್ತಾರ. ಅವರ ಕೂಡ ಮಾತಾಡ್ರಿ ಸಾರ್," ಎಂದ ಎರ್ರೆಪ್ಪ.

ಸ್ಕೂಟರು ಬಂದು ನಿಂತಿತು. ಬಿಳಿ ಅಂಗಿ, ಹಣೆಯ ತುಂಬ ವಿಭೂತಿಯ ಅಧ್ಯಕ್ಷರು ಇಳಿದರು. ಗವಿಸಿದ್ದೇಶನಿಗೆ ಕೆರೆಗೆ ಹಾರಿದರೆ ಹೇಗೆ ಅನಿಸಿತು. ಅಧ್ಯಕ್ಷರು ಅರುಣಾಳ ತಂದೆ ಮರಿಬಸಪ್ಪನವರು.

"ಅಳಿಯಂದ್ರ!" ಅಂದರು ಅವರು. "ನೀವು ಯಾವಾಗ ಸಾಹೇಬ್ರಾದ್ರಿ?"

ಗವಿಸಿದ್ದೇಶ ಬಾಯಿ ತೆರೆದ. ಮಾತು ಬರುವ ಮೊದಲು ಅವನ ಕಂಕುಳಲ್ಲಿದ್ದ ಕೋಲು ಬಾಗಿತು. ಬಾಟಲಿಗಳ ಗಡಿಬಿಡಿಯಲ್ಲಿ ನೀರಿಗೆ ಬಿದ್ದಿದ್ದ ದಾರ ಬಿಗಿಯಾಗಿ ಓಡುತ್ತಿತ್ತು. ಯಾರೋ "ಮೀನೋ!" ಎಂದು ಕೂಗಿದರು. ಏನು ಮಾಡುತ್ತಿದ್ದೇನೆಂಬ ಅರಿವಿಲ್ಲದೆ ಅವನು ರಾಟೆ ಸುತ್ತಿದ. ಅಂಗೈ ಅಗಲದ ಜಿಲೇಬಿ ಮೀನು ದಡಕ್ಕೆ ಬಂದು ಪಟಪಟ ಬಡಿದುಕೊಂಡಿತು.

ಒಂದು ಕೈಯಲ್ಲಿ ಕೋಲು, ಒಂದು ಕೈಯಲ್ಲಿ ಮೀನು, ಎದುರಿಗೆ ವಿಭೂತಿಯ ಮಾವ. ಹದಿನಾರು ವರ್ಷದ ಮರ್ಯಾದೆ ಅಂಗೈಯಲ್ಲಿ ಜಾರುತ್ತಿತ್ತು.

"ಮಾವಾರ, ನಿಮ್ಮ ಪಾದದಾಣಿ, ತಿನ್ನಾಕಲ್ಲ," ಅಂದ. "ದಾರದ ಹುಳ ನೋಡಿ ಮೀನು ಮೋಸ ಹೋಗತೈತೋ ಇಲ್ಲೋ, ಅಷ್ಟ ನೋಡಾಕ ಬಂದೆ. ನಾನು ಸಾಹೇಬಲ್ರೀ. ಎಲ್ಲಾರೂ ತಪ್ಪು ತಿಳಕೋಬ್ಯಾಡ್ರಿ." ಹಾಗೆಂದು ಮೀನನ್ನು ಮೆಲ್ಲಗೆ ನೀರಿಗೆ ಬಿಟ್ಟ. ಜನರೆಲ್ಲ ಒಟ್ಟಿಗೆ ಅಯ್ಯೋ ಎಂದರು. ಬಾಟಲಿಯವರು ಬೈಯಲು ಬಾಯಿ ತೆರೆದರು.

ಮರಿಬಸಪ್ಪನವರು ಕೈಯೆತ್ತಿ ಅವರನ್ನು ಸುಮ್ಮನಾಗಿಸಿದರು. ಬಗ್ಗಿ ನೊಣವನ್ನು ಬೆರಳ ತುದಿಯಲ್ಲಿ ಎತ್ತಿ, ಕನ್ನಡಕ ಮೇಲೆ ಮಾಡಿ, ಬಹಳ ಹೊತ್ತು ನೋಡಿದರು. "ಮತ್ತ?" ಅಂದರು. "ಮೋಸ ಹೋತೇನು?"

"ಹೋತಲ್ರೀ! ಈಗ ನೀವೇ ನೋಡಿದ್ರಿ."

"ಎಲ್ಲಿ ಹೋತ್ರಿ?" ಎಂದ ಎರ್ರೆಪ್ಪ. "ಗಾಳದ ಮುಳ್ಳು ಅದರ ಬಾಲಕ್ಕ ಚುಚ್ಚಿತ್ತು. ಅದು ಪಾಪ ತನ್ನ ಪಾಡಿಗೆ ಹೊಂಟಿತ್ತು."

ಗವಿಸಿದ್ದೇಶನ ಮುಖ ಗಾಳಿ ಹೋದ ಟೈರಿನಂತಾಯಿತು. ಪ್ರಶ್ನೆ ಇದ್ದಲ್ಲೇ ಇತ್ತು. ಮತ್ತೆ ಬೀಸಿದ, ಏನೂ ಇಲ್ಲ. ಇನ್ನೊಮ್ಮೆ ಬೀಸಿದ, ಜಾಲಿಗೆ ಸಿಕ್ಕಿತು.

"ಭತ್ತಕ್ಕ ಗೊಬ್ಬರ ಎರಚಿದಂಗ ಎರಚಾಕತ್ತೀರಲ್ಲ. ಕೊಡ್ರಿ ಇಲ್ಲಿ," ಎಂದು ಮರಿಬಸಪ್ಪನವರು ಪಂಚೆ ಎತ್ತಿ ಕಟ್ಟಿದರು. ಜೀವನವಿಡೀ ಗದ್ದೆಯಲ್ಲಿ ಹಕ್ಕಿಗೆ ಕವಣೆ ಬೀಸಿದ ಕೈ. ದಾರ ಗಾಳಿಯಲ್ಲಿ ಹಾವಿನಂತೆ ಬಿಚ್ಚಿಕೊಂಡು, ನೊಣ ನೀರಿನ ಮೇಲೆ ಸದ್ದಿಲ್ಲದೆ ಕೂತಿತು. ಗವಿಸಿದ್ದೇಶ ನೀರಂಚಿಗೆ ಬಂದು ನೊಣದ ಮೇಲೆ ಕಣ್ಣು ನೆಟ್ಟ.

ಫೋನು ಬಡಿದುಕೊಂಡಿತು. ಅರುಣಾ. ಎತ್ತದಿದ್ದರೆ ಮತ್ತೆ ಮತ್ತೆ ಮಾಡುವವಳು. ಗದ್ದಲ ಕೇಳದಿರಲೆಂದು ಗವಿಸಿದ್ದೇಶ ಕೆರೆಗೆ ಬೆನ್ನು ಮಾಡಿ, ಕಿವಿಗೆ ಕೈ ಅಡ್ಡ ಹಿಡಿದ.

"ಮುಟ್ಟಿದ್ರೇನು? ಅಪ್ಪ ಯಾಕ ಫೋನ್ ಎತ್ತವಲ್ಲ?"

"ಇಲ್ಲೇ ಅದಾರ. ಆರಾಮದಾರ. ಇಡ್ಲೇನು?"

"ಎಣ್ಣೆಗಾಯಿ ಕೊಟ್ರೇನು?"

ಅಷ್ಟರಲ್ಲಿ ಬೆನ್ನ ಹಿಂದೆ ಮೂವತ್ತು ಗಂಟಲು ಒಮ್ಮೆಲೇ ಹೋ ಎಂದವು. ಅವನು ತಿರುಗುವಷ್ಟರಲ್ಲಿ ಮೊಣಕೈ ಉದ್ದದ ಮೀನೊಂದು ಮಾವನವರ ಕೈಯಲ್ಲಿತ್ತು. ದಾರದ ಹುಳ ಅದರ ಬಾಯಿಯ ಅಂಚಿನಲ್ಲಿ ಕಿವಿಯೋಲೆಯಂತೆ ಹೊಳೆಯುತ್ತಿತ್ತು. ಅವರು ಅದನ್ನು ಬಿಡಿಸಿ, "ಹೋಗಪ್ಪಾ, ಶರಣು," ಎಂದು ನೀರಿಗೆ ಬಿಟ್ಟರು. ಅವರ ಮುಖ ಹತ್ತು ವರ್ಷ ಚಿಕ್ಕದಾಗಿತ್ತು.

"ಮೀನು ಹೆಂಗ ಬಾಯಿ ಹಾಕ್ತ್ರಿ?" ಗವಿಸಿದ್ದೇಶ ಸಿಕ್ಕಸಿಕ್ಕವರನ್ನು ಕೇಳಿದ.

ಕೆಳಗಿನಿಂದ ಬಂತು ಅಂದರು. ಪಕ್ಕದಿಂದ ಬಂತು ಅಂದರು. ಹುಲುಗಮ್ಮ, ಮೊದಲು ಮೂಸಿ ನೋಡಿತು ಅಂದಳು. ಮಾವನವರು ಮಾತ್ರ ತಲೆ ಆಡಿಸಿದರು. "ಅದು ಹೇಳಾಕ ಬರಂಗಿಲ್ಲ, ಅಳಿಯಂದ್ರ. ಕಣ್ಣಾರೆ ನೋಡಬೇಕು."

"ನನಗೊಂದು ಸಲ ಕೊಡ್ರಿ, ನೋಡತೀನಿ."

"ತಡೀರಿ. ಇನ್ನೊಂದು."

ಇನ್ನೊಂದು ಎನ್ನುತ್ತ ನಾಲ್ಕು ತಾಸು ಹೋಯಿತು. ಮತ್ತೊಂದು ಮೀನು ಏಳಲಿಲ್ಲ. ಕೋಲು ಗವಿಸಿದ್ದೇಶನ ಕೈಗೂ ಬರಲಿಲ್ಲ. ಹೊತ್ತು ಇಳಿಯುತ್ತಿದ್ದಂತೆ ಮರಿಬಸಪ್ಪನವರು ನೀರಿನಿಂದ ಕಣ್ಣು ಕೀಳದೆಯೇ ಹೇಳಿದರು. "ಹೊಂಡ್ರಿ ಅಳಿಯಂದ್ರ, ಅರುಣಾ ದಾರಿ ನೋಡತಾಳ. ಕೋಲು ಇಲ್ಲೇ ಇರಲಿ, ಗಾಡಿ ಮ್ಯಾಲೆ ತ್ರಾಸು. ಮುಂದಿನ ಐತವಾರ ಬರ್ರಿ, ಇಬ್ಬರೂ ಕೂಡಿ ನೋಡೋಣು."

ಆ ಕೊನೆಯ ಮಾತು ಗವಿಸಿದ್ದೇಶನನ್ನು ಬಳ್ಳಾರಿಯವರೆಗೆ ತೇಲಿಸಿಕೊಂಡು ಬಂತು. ಮನೆಯ ಬಾಗಿಲಲ್ಲಿ ಅರುಣಾ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಮೀನು ಹಿಡಿಯಾಕ ಹೋಗಿದ್ರೇನು?"

"ಯಾರು ಹೇಳಿದ್ರು?"

"ಅಪ್ಪ. ಈಗ ಫೋನ್ ಮಾಡಿದ್ದ. ನಿನ್ನ ಗಂಡ ಕೆರಿ ಮ್ಯಾಲೆ ನಿಂತು ಮಾನ ಕಳೆದ, ಕೋಲು ನಾನು ಕಸಗೊಂಡೀನಿ, ದೀಪಾವಳಿ ತನಕ ಅವನನ್ನ ಈ ಕಡಿ ಕಳಸಬ್ಯಾಡ ಅಂತ ಖಡಕ್ಕಾಗಿ ಹೇಳಿದ."

ಗವಿಸಿದ್ದೇಶ ಮೆಟ್ಟಿಲ ಮೇಲೆಯೇ ಕೂತುಬಿಟ್ಟ. ಅರುಣಾಳ ಸಿಟ್ಟು ಸ್ವಲ್ಪ ಇಳಿದು, ಹುಬ್ಬು ಗಂಟಾಯಿತು.

"ಅದಿರಲಿ, ಅಲ್ಲಿ ಏನಾರ ಅನಾಹುತ ಆಗೈತೇನ್ರೀ? ಅಪ್ಪ ಮಾತಾಡತಾ ಮಾತಾಡತಾ ಫೋನ್ ಕೈಬಿಟ್ಟ. ಎರ್ರೆಪ್ಪ ಹಿಂದ ಒಂದೇ ಸವನ ಕೂಗಾಕತ್ತಿದ್ದ, 'ಬಿತ್ರೀ, ಬಿತ್ತು, ಮತ್ತೊಂದು ಬಿತ್ತು' ಅಂತ. ಏನು ಬಿತ್ತು?"