ಐವಿಂಡ್ ಅಳಿಸಿದ ಒಂಬತ್ತು ಸಾವಿರ ಸಾಲು

ಜುಲೈ ತಿಂಗಳ ಒಂದು ಶುಕ್ರವಾರ ಬೆಳಿಗ್ಗೆ ಐವಿಂಡ್ ಒಂಬತ್ತು ಸಾವಿರ ಸಾಲುಗಳನ್ನು ಒಂದೇ ಏಟಿಗೆ ಅಳಿಸಿದ. ಹಲ್ಲು ಕೀಳಿಸಿಕೊಂಡವನ ಹಾಗೆ ಕೆನ್ನೆ ಹಿಡಿದು ಒಂದು ಗಳಿಗೆ ಕುಳಿತ. ಆಮೇಲೆ ನಕ್ಕ.

ತ್ರೋನ್‌ಹೈಮ್ ಊರಿನಲ್ಲಿ ಅವನು ಕೆಲಸ ಮಾಡುತ್ತಿದ್ದ ಪುಟ್ಟ ಕಂಪನಿ ಫೋರ್ಟ್ರಾನ್ ಭಾಷೆಯ ಕಂಪೈಲರ್ ಮಾಡಿ ಮಾರುತ್ತಿತ್ತು. ಮನುಷ್ಯ ಬರೆದ ಲೆಕ್ಕವನ್ನು ಯಂತ್ರಕ್ಕೆ ತಿಳಿಯುವಂತೆ ತಿರುಗಿಸಿ ಕೊಡುವುದು ಅದರ ಕೆಲಸ. ನಲವತ್ತು ವರ್ಷದ ಹಿಂದೆ ಬಾಗಿಲು ಹಾಕಿಕೊಂಡ ಒಂದು ಗಣಕಯಂತ್ರದ ಕಂಪನಿ ಆ ಭಾಷೆಗೆ ತನ್ನದೇ ಬಾಲಂಗೋಚಿಗಳನ್ನು ಅಂಟಿಸಿ ಹೋಗಿತ್ತು. ಸಾಲಿನ ಮೊದಲಿಗೆ ಇಂಥ ಅಕ್ಷರ ಕೂತರೆ ಆ ಸಾಲು ಪರೀಕ್ಷೆಯ ದಿನ ಮಾತ್ರ ಓಡಬೇಕು, ಇಂಥವು. ಕಂಪನಿ ಸತ್ತರೂ ಅದರ ಮಡಿ ಉಳಿದಿತ್ತು. ಕಂಪೈಲರ್‌ನಲ್ಲಿ ಅದನ್ನು ಓದುವ ಆ ಒಂಬತ್ತು ಸಾವಿರ ಸಾಲುಗಳನ್ನು ಕಾಯುತ್ತ ಐವಿಂಡ್‌ಗೆ ಇಪ್ಪತ್ತಮೂರು ವರ್ಷ ಕಳೆದಿತ್ತು.

ಮುಖ್ಯಸ್ಥೆ ತೊರುನ್ ಮಾತು ಕೊಟ್ಟಿದ್ದಳು. "ಆ ಗಂಟು ಇಳಿಸಿಬಿಡು. ಇವತ್ತು ನಾಲ್ಕು ಗಂಟೆಯೊಳಗೆ ಒಂದು ತಕರಾರೂ ಬರದಿದ್ರೆ, ರಜೆ ಮುಗಿದ ಮೇಲೆ ಹೊಸ ಚಿಪ್‌ಗಳಿಗೆ ಕಂಪೈಲರ್ ಮಾಡೋ ಕೆಲಸ ನಿಂದು."

ನಾಲ್ಕಕ್ಕೆ ಬೇಸಿಗೆ ರಜೆ ಶುರು. ಆಮೇಲೆ ಮೂರು ವಾರ ದೇಶದಲ್ಲಿ ಯಾರೂ ಫೋನ್ ಎತ್ತುವುದಿಲ್ಲ. ಐವಿಂಡ್ ಯೋಚಿಸಿಯೇ ಈ ದಿನ ಆರಿಸಿ, ಅಳಿಸಿದ ಕೂಡಲೇ ಹೊಸ ಕಂಪೈಲರ್ ಬಿಡುಗಡೆ ಮಾಡಿದ್ದ. ಗಿರಾಕಿಗಳಿಗೆಲ್ಲ ವರ್ಷದ ಹಿಂದೆಯೇ ಪತ್ರ ಹೋಗಿತ್ತು, ಒಂದು ಉತ್ತರವೂ ಬಂದಿರಲಿಲ್ಲ.

ಹತ್ತೂವರೆಗೆ ಗಿರಾಕಿಗಳ ಫೋನ್ ವಿಭಾಗದ ಯೋಸ್ಟೈನ್, ಕಚೇರಿಯಲ್ಲಿ ಶುಕ್ರವಾರ ಎಲ್ಲರಿಗೂ ಹಂಚುವ ವಾಫಲ್ ದೋಸೆ ಅಗಿಯುತ್ತ ಬಂದ.

"ನಿನ್ನ ಸತ್ತ ಕಂಪನಿಗೆ ಇನ್ನೂ ಒಬ್ರು ವಾರಸುದಾರರು ಇದಾರೆ ಕಣೋ. ಓಸ್ಮುಂಡ್ ಅಂತ. ಕಣಿವೆಯ ಜಲವಿದ್ಯುತ್ ಕಂಪನಿಯವರು. ಅಣೆಕಟ್ಟಿಂದ ಎಷ್ಟು ನೀರು ಬಿಡ್ಬೇಕು ಅನ್ನೋ ಲೆಕ್ಕ ಬೆಳಿಗ್ಗೆಯಿಂದ ನಿಂತಿದೆಯಂತೆ."

"ಶುಕ್ರವಾರ ಯಾರಾದ್ರೂ ಹೊಸ ಕಂಪೈಲರ್ ಹಾಕ್ಕೋತಾರೇನೋ?"

"ಅವ್ರಲ್ಲಿ ಅದು ತಾನಾಗೇ ಇಳಿಯುತ್ತಂತೆ. ನೀನೇ ಹಾಗೆ ಮಾಡ್ಕೊಟ್ಟಿದ್ದಂತೆ."

"ಪತ್ರ ಬರೆದಿದ್ವಲ್ಲ?"

"ಓದಿದ್ರಂತೆ. ಹಳೇ ರೂಪ ಬಳಸೋರು ತಿಳಿಸಿ ಅಂತಿತ್ತಲ್ಲ, ಅವ್ರಿಗೆ ಅದು ಹಳೇದು ಅಂತ ಅನ್ನಿಸ್ಲಿಲ್ಲವಂತೆ."

ಐವಿಂಡ್ ತಾನೇ ಫೋನ್ ಮಾಡಿದ.

"ನಲವತ್ತು ಸಾವಿರ ಸಾಲಿದೆಯಪ್ಪಾ," ಎಂದರು ಓಸ್ಮುಂಡ್. "ನಂಗೆ ಎಪ್ಪತ್ತನಾಲ್ಕು. ಸಾಲಿಗೊಂದು ನಿಮಿಷ ಅಂದ್ರೂ ಬದಲಾಯ್ಸೋ ಹೊತ್ತಿಗೆ ಕ್ರಿಸ್‌ಮಸ್ ಬರುತ್ತೆ."

"ಎಲ್ಲಾ ನಂಗೆ ಕಳ್ಸಿ, ನಾನೇ ಬದಲಾಯ್ಸಿ ಕೊಡ್ತೀನಿ. ತಕರಾರು ಅಂತ ಮಾತ್ರ ಬರೆಸ್ಬೇಡಿ."

"ಯಾಕೆ ಬರೆಸ್ಲಿ? ನಾಲ್ಕಕ್ಕೆ ನಾನೂ ಹೊರಡೋನು. ದೋಣಿಗೆ ಬಣ್ಣ ಹಚ್ಚೋದಿದೆ."

ಕೈಯಲ್ಲಿ ಬದಲಾಯಿಸುವ ಮಾತೇ ಇರಲಿಲ್ಲ. ಹಳೆಯದನ್ನು ಹೊಸ ರೂಪಕ್ಕೆ ತಿರುಗಿಸುವ ಸಲಕರಣೆಯನ್ನೇ ಬರೆದುಬಿಡುತ್ತೇನೆಂದು ಐವಿಂಡ್ ಅಂಗಿಯ ತೋಳು ಮಡಿಸಿದ. ತಿರುಗಿಸಬೇಕಾದರೆ ಹಳೆಯದನ್ನು ಮೊದಲು ಓದಬೇಕಲ್ಲ. ಬೆಳಿಗ್ಗೆ ಅಳಿಸಿದ್ದ ಒಂಬತ್ತು ಸಾವಿರ ಸಾಲುಗಳನ್ನು, ಬೀದಿಗೆಸೆದ ಅಂಗಿಯನ್ನು ಯಾರೂ ನೋಡದಂತೆ ಎತ್ತಿಕೊಂಡು ಬರುವವನ ಹಾಗೆ ಮೆಲ್ಲಗೆ ವಾಪಸು ತಂದ. ಆದರೆ ಯೋಸ್ಟೈನ್ ನೋಡಿದ. ಹಾಗಾಗಿ ಎಲ್ಲರೂ ನೋಡಿದರು, ತಟ್ಟೆ ಹಿಡಿದು ಬಂದು ಅವನ ಕುರ್ಚಿಯ ಹಿಂದೆ ನಿಂತರು.

ಮೊದಲ ಸಲ ಪರೀಕ್ಷೆಯ ಸಾಲುಗಳೆಲ್ಲ ನಿಜದ ಸಾಲುಗಳಾಗಿ ಎದ್ದು ಕೂತವು. ತೆರೆಯ ಮೇಲೆ ಅಣೆಕಟ್ಟು ಒಡೆದು ಎರಡು ಹಳ್ಳಿ ಮುಳುಗಿದವು.

"ಕೆಳಗಿನ ಹಳ್ಳೀಲಿ ನಮ್ಮತ್ತೆ ಇದಾರೆ," ಎಂದ ಯೋಸ್ಟೈನ್. "ನೋಡ್ಕೊಂಡು ಮುಳುಗ್ಸಪ್ಪಾ."

ಎರಡನೆಯ ಸಲ ನದಿ ಬೆಟ್ಟ ಹತ್ತಿತು. ಮೂರೂವರೆಗೆ ನೀರು ನೀರಿನ ಹಾಗೆ ಹರಿಯಿತು. ಐವಿಂಡ್ ಎಲ್ಲವನ್ನೂ ಕಳಿಸಿ ಬೆರಳ ನೆಟಿಗೆ ಮುರಿದ. ಹತ್ತು ನಿಮಿಷಕ್ಕೆ ಓಸ್ಮುಂಡರ ಫೋನ್ ಬಂತು.

"ದೇವರು ನಿನ್ನನ್ನ ಚೆನ್ನಾಗಿಟ್ಟಿರ್ಲಿ. ಅಂಕಿ ಕೂದಲೆಳೆಯಷ್ಟೂ ಬದಲಾಗಿಲ್ಲ. ಆದ್ರೆ ಈ ಹೊಸ ರೂಪ ನಂಗೆ ಓದಕ್ಕೆ ಬರಲ್ಲ. ಅದ್ರಲ್ಲಿ ಅರ್ಧ ನನ್ನ ಹೆಂಡ್ತಿ ಬರೆದಿದ್ದು. ಅವ್ಳು ಹೋಗಿ ಮೂರು ವರ್ಷ ಆಯ್ತು. ಹಳೇದನ್ನ ತೆರೆದ್ರೆ ಪಕ್ಕದಲ್ಲೇ ಕೂತಿದಾಳೆ ಅನ್ನಿಸುತ್ತೆ. ಅದಕ್ಕೇ ನಾನು ಹಳೇದ್ರಲ್ಲೇ ಬರೀತೀನಿ. ನಿನ್ನ ಸಲಕರಣೆ ಅದನ್ನ ತಿರುಗಿಸಿ ಕಂಪೈಲರ್‌ಗೆ ಕೊಡ್ಲಿ. ಎರಡನ್ನೂ ಸೇರಿಸಿ ಒಂದೇ ಮಾಡ್ಕೊಟ್ರೆ ನಂಗೆ ಸುಲಭ."

ಎರಡನ್ನೂ ಸೇರಿಸಿದರೆ ನಿನ್ನೆಯ ಕಂಪೈಲರ್ ಆಗುತ್ತದೆ ಎನ್ನಲು ಐವಿಂಡ್ ಬಾಯಿ ತೆರೆದ. ಆ ಮನುಷ್ಯನಿಗೆ ಹಾಗೆನ್ನಲು ಮನಸ್ಸು ಬರಲಿಲ್ಲ. "ಆಯ್ತು," ಎಂದ.

ನಾಲ್ಕಕ್ಕೆ ಐದು ನಿಮಿಷವಿರುವಾಗ ತೊರುನ್ ಬಂದಳು. "ಮಾತು ಅಂದ್ರೆ ಮಾತು. ಒಂದು ತಕರಾರೂ ದಾಖಲಾಗಿಲ್ಲ. ರಜೆ ಮುಗಿದ ಮೇಲೆ ಹೊಸ ಕೆಲಸ ನಿಂದೇ."

ಐವಿಂಡ್ ಎದ್ದು ನಿಂತ.

"ಓಸ್ಮುಂಡ್ ನಂಗೂ ಫೋನ್ ಮಾಡಿದ್ರು. ಅವ್ರ ಸ್ನೇಹಿತರು ಹದಿನಾಲ್ಕು ಕಂಪನೀಲಿದಾರಂತೆ. ಮುಚ್ಚಿಹೋದ ಬೇರೆ ಬೇರೆ ಯಂತ್ರದವರ ರೂಪಗಳಂತೆ, ಎಲ್ಲರಿಗೂ ನಿನ್ನ ಸಲಕರಣೆ ಬೇಕಂತೆ. ಅದೇ ನಿನ್ನ ಹೊಸ ಕೆಲಸ. ಚಿಪ್‌ಗಳನ್ನ ಯೋಸ್ಟೈನ್‌ಗೆ ಕೊಟ್ಟೆ."

"ಯೋಸ್ಟೈನ್‌ಗಾ? ಅವ್ನಿಗೆ ಏನು ಗೊತ್ತು?"

"ಹಳೇದು ಏನೂ ಗೊತ್ತಿಲ್ಲ. ಹಾಗಾಗಿ ಅವ್ನನ್ನ ಕೇಳ್ಕೊಂಡು ಯಾರೂ ಬರಲ್ಲ."

ಐವಿಂಡ್ ಮತ್ತೆ ಕೂತ. "ಎಷ್ಟು ರೂಪ ಅಂತೆ?"

ತೊರುನ್ ಆಗಲೇ ಬಾಗಿಲಲ್ಲಿದ್ದಳು. "ಬರೆದೋರಲ್ಲಿ ಇನ್ನೂ ಬದುಕಿರೋರು ಹೇಳಿದ್ದು ಆರು."